ಬೆಡ್ ಯಾರಿಗೆ ಎಂಬುದಕ್ಕೆ ಸಹಿ ಹಾಕುವವರು ಯಾರು? ಕೋವಿಡ್ ವಾರ್ಡಿನಲ್ಲಿ ನಾವು ಪಾಲಿಸಿದ ಕ್ರಮ

2021ರ ಏಪ್ರಿಲ್–ಮೇ ತಿಂಗಳ ಎರಡನೇ ಅಲೆಯಲ್ಲಿ ಆಸ್ಪತ್ರೆ ಸಿಬ್ಬಂದಿ ಬರೀ ದಣಿಯಲಿಲ್ಲ. ದಣಿವಾದರೆ ನಾಲ್ಕು ದಿನ ರಜೆಯಲ್ಲಿ ಇಳಿಯುತ್ತದೆ. ‘ಮಾಡಬೇಕಾದ್ದು ಗೊತ್ತಿದ್ದೂ ಮಾಡಲಾಗಲಿಲ್ಲ, ಮೇಲಿನವರು ನಮ್ಮನ್ನು ಮುಂದೆ ಬಿಟ್ಟು ಹಿಂದೆ ಸರಿದರು’ ಎಂಬ ಸಂಕಟ ರಜೆಯಲ್ಲೇ ಹೆಚ್ಚಾಗುತ್ತದೆ. ಮನೋವೈದ್ಯರು ಇದನ್ನು ನೈತಿಕ ಗಾಯ ಎನ್ನುತ್ತಾರೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಜೊನಾಥನ್ ಶೇ ಇದರಲ್ಲಿ ಮೂರು ಅಂಶ ಗುರುತಿಸಿದ್ದರು: ನ್ಯಾಯವೆಂದು ನಂಬಿದ್ದಕ್ಕೆ ದ್ರೋಹ, ಅದು ಅಧಿಕಾರದಲ್ಲಿರುವವರಿಂದ, ಪ್ರಾಣದ ಪ್ರಶ್ನೆ ಇರುವ ಹೊತ್ತಿನಲ್ಲಿ. ಮಹಾಮಾರಿಯನ್ನಾಗಲಿ ಕೊರತೆಯನ್ನಾಗಲಿ ವಾರ್ಡಿನ ಮುಖ್ಯಸ್ಥರು ತಡೆಯಲಾರರು. ಎರಡನೆಯ ಅಂಶ ಮಾತ್ರ ಪೂರ್ತಿ ಅವರ ಕೈಯಲ್ಲಿರುತ್ತದೆ. ನಾವು ಕೆಲಸ ಮಾಡಿದ್ದು ಅಲ್ಲಿಯೇ.

ಎಲ್ಲಕ್ಕಿಂತ ಭಾರವಾದದ್ದು ಬೆಡ್ ಹಂಚಿಕೆ. ರಾತ್ರಿ ಎರಡು ಗಂಟೆಗೆ ಒಂದು ವೆಂಟಿಲೇಟರ್ ಖಾಲಿಯಾಗುತ್ತದೆ, ಕಾಯುತ್ತಿರುವವರು ಮೂವರು. ಸುಮ್ಮನೆ ಬಿಟ್ಟರೆ ಆ ತೀರ್ಮಾನ ಡ್ಯೂಟಿಯಲ್ಲಿರುವ ಪಿಜಿ (ಸ್ನಾತಕೋತ್ತರ ಓದಿನಲ್ಲಿರುವ ಕಿರಿಯ ವೈದ್ಯ) ಮತ್ತು ಸಿಸ್ಟರ್ ಮೇಲೆ ಬೀಳುತ್ತದೆ. ನಾವು ಪ್ರತಿ ಪಾಳಿಗೂ ಮೂವರನ್ನು ನೇಮಿಸಿದೆವು: ಆ ರೋಗಿಗಳಲ್ಲಿ ಯಾರಿಗೂ ಚಿಕಿತ್ಸೆ ಕೊಡುತ್ತಿಲ್ಲದ ಒಬ್ಬ ಅರಿವಳಿಕೆ ತಜ್ಞರು, ಒಬ್ಬ ಫಿಜಿಶಿಯನ್, ಒಬ್ಬ ಹಿರಿಯ ನರ್ಸಿಂಗ್ ಅಧಿಕಾರಿ. ಮಾನದಂಡಗಳನ್ನು ಮೊದಲೇ ಒಂದೇ ಪುಟದಲ್ಲಿ ಬರೆದಿಟ್ಟಿರಬೇಕು: ಎನ್‌ಆರ್‌ಬಿಎಂ (ಚೀಲವಿರುವ ಆಮ್ಲಜನಕದ) ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರ್ ಕೊಟ್ಟಾಗಿನ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ), ಉಸಿರಾಟದ ವೇಗ, ಮೊದಲಿನಿಂದ ಇರುವ ಕಾಯಿಲೆಗಳು, ಚೇತರಿಸಿಕೊಳ್ಳುವ ಸಾಧ್ಯತೆ. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ: ಹಣ, ಹುದ್ದೆ, ಶಿಫಾರಸು. ಶಿಫಾರಸಿನ ಕರೆ ಬಂದೇ ಬರುತ್ತದೆ. ಅದಕ್ಕೆ ವಾರ್ಡಿನವರು ಹೇಳಬೇಕಾದ್ದು ಇಷ್ಟೇ: “ಸೂಪರಿಂಟೆಂಡೆಂಟ್ ಸಾಹೇಬ್ರ ಹತ್ರ ಮಾತಾಡಿ ಸರ್, ನಂಬರ್ ಕೊಡ್ತೀನಿ.”

ರಿಜಿಸ್ಟರಿನಲ್ಲಿ ಸಮಯ, ಕಾಯುತ್ತಿದ್ದವರ ಐಪಿ (ಒಳರೋಗಿ) ನಂಬರ್, ತೀರ್ಮಾನ, ಎರಡು ಸಾಲಿನ ಕಾರಣ, ಮೂರು ಸಹಿ ಇರಬೇಕು. ಜೊತೆಗೆ ಇನ್ನೊಂದು ಕಾಲಂ ಬೇಕೇ ಬೇಕು: ಬೆಡ್ ಸಿಗದವರಿಗೆ ಏನು ಕೊಟ್ಟಿದ್ದೇವೆ? ಬೋರಲು ಮಲಗಿಸಿದ್ದು, ಆಮ್ಲಜನಕ, ಉಸಿರಾಟದ ಸಂಕಟ ತಗ್ಗಿಸುವ ಔಷಧಿ, ಮನೆಯವರಿಗೆ ಮಾಡಿದ ಕರೆ. ಈ ಕಾಲಂ ಖಾಲಿ ಬಿದ್ದರೆ ಸಿಸ್ಟರ್‌ಗೆ ಉಳಿಯುವ ನೆನಪು ‘ನಾವು ಅವರನ್ನು ಹಾಗೇ ಬಿಟ್ಟೆವು’ ಎಂಬುದೊಂದೇ.

ಈ ಪದ್ಧತಿ ಕೆಡುವ ದಾರಿಗಳೂ ಇವೆ. ಮೂವರ ಈ ಸಮಿತಿ ಹಗಲಲ್ಲಿ ಮಾತ್ರ ಎಚ್ಚರವಿರುತ್ತದೆ. ಹಾಗಾಗಿ ಪ್ರತಿ ಹೆಸರಿನ ಮುಂದೆ ಬದಲಿ ವ್ಯಕ್ತಿಯ ನಂಬರ್ ಬರೆದಿರಬೇಕು, ಹದಿನೈದು ನಿಮಿಷದಲ್ಲಿ ಉತ್ತರ ಬರದಿದ್ದರೆ ಯಾರಿಗೆ ಕರೆ ಮಾಡಬೇಕು ಎಂಬುದೂ ಇರಬೇಕು. ‘ಸಮಿತಿ ಹೇಳಿದೆ’ ಎಂದು ಹೆಸರಿಲ್ಲದ ಚೀಟಿ ಬರತೊಡಗಿದರೆ ಅದು ಅಡಗಿಕೊಳ್ಳುವ ಪರದೆಯಾಗುತ್ತದೆ. ಇನ್ನೂ ಕೆಟ್ಟದ್ದು, ತೀರ್ಮಾನ ಮೇಲಿನವರದ್ದಾಗಿ ಅದನ್ನು ಮನೆಯವರಿಗೆ ಹೇಳುವ ಕೆಲಸ ಕೆಳಗಿನವರಿಗೆ ಬೀಳುವುದು. ಸಹಿ ಹಾಕಿದವರೇ ಹೊರಗೆ ಬಂದು, ಸೆಕ್ಯೂರಿಟಿ ಪಕ್ಕದಲ್ಲಿರುವಾಗ, ಸಂಬಂಧಿಕರ ಮುಖ ನೋಡಿ ಹೇಳಬೇಕು. ಈ ಒಂದು ನಿಯಮಕ್ಕೆ ಹಿರಿಯರಿಂದ ಬಂದಷ್ಟು ವಿರೋಧ ಬೇರಾವುದಕ್ಕೂ ಬರಲಿಲ್ಲ, ಕಿರಿಯರಿಗೆ ಇದರಷ್ಟು ನೆರವಾದದ್ದೂ ಬೇರೊಂದಿಲ್ಲ.

ಆಮ್ಲಜನಕದ ಲೆಕ್ಕವನ್ನು ಸಿಬ್ಬಂದಿಯಿಂದ ಮುಚ್ಚಿಡಬೇಡಿ. ‘ಗಾಬರಿಯಾಗ್ತಾರೆ’ ಎಂದು ದಾಸ್ತಾನು ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಪೈಪ್‌ಲೈನ್ ಒತ್ತಡ ಬಿದ್ದಾಗ. ಆಮೇಲೆ ನೀವು ಹೇಳುವ ಯಾವುದನ್ನೂ ಅವರು ನಂಬುವುದಿಲ್ಲ. ಲೆಕ್ಕ ಸುಲಭದ್ದು. 7 ಘನ ಮೀಟರಿನ ಜಂಬೋ ಸಿಲಿಂಡರ್ ಎಂದರೆ 7,000 ಲೀಟರ್. ಒಬ್ಬ ರೋಗಿಗೆ ನಿಮಿಷಕ್ಕೆ 15 ಲೀಟರ್ ಹರಿಸಿದರೆ ಸುಮಾರು ಏಳೂಮುಕ್ಕಾಲು ಗಂಟೆ, 10 ಲೀಟರಾದರೆ ಹನ್ನೊಂದೂವರೆ ಗಂಟೆಗೆ ತುಸು ಹೆಚ್ಚು ಬರುತ್ತದೆ. ಹೈ ಫ್ಲೋ ಯಂತ್ರದಲ್ಲಿ 60 ಲೀಟರ್ ಶುದ್ಧ ಆಮ್ಲಜನಕ ಹರಿಸಿದರೆ ಎರಡು ಗಂಟೆಯೂ ಬಾರದು. ಪ್ರತಿ ಪಾಳಿ ಬದಲಾಗುವಾಗ ‘ಇಷ್ಟು ಗಂಟೆ ಉಳಿದಿದೆ’ ಎಂದು ಸಿಬ್ಬಂದಿ ಕೋಣೆಯ ಬೋರ್ಡಿನಲ್ಲಿ ಬರೆಸಿ, ಆರ್‌ಎಂಒ (ನಿವಾಸಿ ವೈದ್ಯಾಧಿಕಾರಿ) ಸಹಿ ಇರಲಿ. ಎಷ್ಟು ಗಂಟೆಗೆ ಇಳಿದರೆ ಯಾರು ಜಿಲ್ಲಾಡಳಿತಕ್ಕೆ ಕರೆ ಮಾಡಬೇಕು, ಎಷ್ಟಕ್ಕೆ ಇಳಿದರೆ ಹೊಸ ದಾಖಲಾತಿ ನಿಲ್ಲಿಸಬೇಕು ಎಂಬುದೂ ಅಲ್ಲೇ ಇರಲಿ. ಸ್ಯಾಚುರೇಷನ್ ಗುರಿ 92ರಿಂದ 96. 99 ತೋರಿಸುತ್ತಿರುವವರ ಫ್ಲೋ ಇಳಿಸುವುದು ಜಿಪುಣತನ ಅಲ್ಲವೆಂದು ಸಿಸ್ಟರ್‌ಗಳಿಗೆ ವೈದ್ಯರೇ ಬರೆದು ಕೊಡಲಿ. 2021ರ ಮೇ 2–3ರಂದು ಚಾಮರಾಜನಗರದಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಸತ್ತದ್ದನ್ನು ಕೇಳಿದ ಮೇಲೆ ರಾಜ್ಯದ ಪ್ರತಿ ವಾರ್ಡಿನಲ್ಲೂ ಭಯವಿತ್ತು. ಮೇ 5ರಂದು ಹೈಕೋರ್ಟ್ ರಾಜ್ಯದ ಪಾಲನ್ನು ದಿನಕ್ಕೆ 1,200 ಟನ್ನಿಗೆ ಏರಿಸಲು ಕೇಂದ್ರಕ್ಕೆ ಹೇಳಿತು. ಅದು ನಮ್ಮ ಸಿಲಿಂಡರಿಗೆ ಇಳಿಯುವ ತನಕ ಆ ಭಯಕ್ಕೆ ಇದ್ದ ಉತ್ತರ ಬೋರ್ಡಿನ ಮೇಲಿನ ಅಂಕಿ ಮಾತ್ರ.

ಇನ್ನು ಕೊನೆಯ ದರ್ಶನ. ‘ಪ್ರೋಟೋಕಾಲ್ ಬಿಡಲ್ಲ’ ಎಂದು ಮುಖ ತೋರಿಸದೇ ಶವ ಕಳಿಸಿದ ಆಸ್ಪತ್ರೆಗಳು ಬಹಳ. ಕೇಂದ್ರ ಆರೋಗ್ಯ ಸಚಿವಾಲಯದ 2020ರ ಮಾರ್ಚ್ 15ರ ಮಾರ್ಗಸೂಚಿಯಲ್ಲಿ ಬೇರೆಯೇ ಇತ್ತು: ಸಿಬ್ಬಂದಿ ಚೀಲದ ಜಿಪ್ ಸರಿಸಿ ಮುಖ ತೋರಿಸಬಹುದು, ಮುಟ್ಟದೆ ಮಾಡುವ ಮಂತ್ರಪಠಣ, ತೀರ್ಥ ಪ್ರೋಕ್ಷಣೆ ಆಗಬಹುದು. ಸ್ನಾನ, ಮುತ್ತು, ಅಪ್ಪುಗೆ ಕೂಡದು. ಮುಖ್ಯಸ್ಥರು ಆ ಕಾಗದವನ್ನು ಪೂರ್ತಿ ಓದದ ಕಡೆ ‘ಇಲ್ಲ’ ಎನ್ನುವ ಪಾಪ ಶವಾಗಾರದ ಬಾಗಿಲಲ್ಲಿ ನಿಂತ ಡಿ ಗ್ರೂಪ್ ನೌಕರರ ಪಾಲಿಗೆ ಬಂತು. ಆ ಭಾಗವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸಿ. ಇಬ್ಬರು ಸಂಬಂಧಿಕರಿಗೆ ಮಾಸ್ಕ್, ಗ್ಲೌಸ್, ಗೌನ್, ಐದು ನಿಮಿಷ, ಜೊತೆಗೊಬ್ಬ ಸಿಬ್ಬಂದಿ, ಇಷ್ಟು ಸಾಕಾಗುತ್ತದೆ. ಗಂಟಲಿಗೆ ಟ್ಯೂಬ್ ಹಾಕುವ ಮೊದಲು ಮನೆಯವರೊಂದಿಗೆ ಮೂರು ನಿಮಿಷದ ವಿಡಿಯೋ ಕರೆಯನ್ನು ತುರ್ತು ಇಲ್ಲದ ಎಲ್ಲ ಕಡೆ ಕಡ್ಡಾಯ ಮಾಡಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಟ್ಯಾಬ್ ಸಾಕು.

ಹ್ಯಾಂಡೋವರ್ ವೇಳೆ ‘ಹೇಗಿದ್ದೀರಿ?’ ಎಂದು ಕೇಳಿದರೆ ‘ಪರವಾಗಿಲ್ಲ ಸರ್’ ಎನ್ನುತ್ತಾರೆ, ಮುಗಿಯಿತು. “ಇವತ್ತು ಮಾಡ್ಬೇಕು ಅನ್ನಿಸಿದ್ರೂ ಮಾಡೋಕಾಗದೇ ಇದ್ದದ್ದು ಏನು?” ಎಂದು ಕೇಳಿ. ಬಂದದ್ದನ್ನು ಬರೆದುಕೊಂಡು ಮಾರನೇ ದಿನದೊಳಗೆ ಉತ್ತರ ಕೊಡಿ. ‘ಆಗುವುದಿಲ್ಲ, ಕಾರಣ ಇದು’ ಎಂಬುದೂ ಉತ್ತರವೇ. ಹೀಗೆ ಬಾಯಿಬಿಟ್ಟ ಒಬ್ಬರಿಗೆ ಶೋಕಾಸ್ ನೋಟಿಸ್ ಹೋದರೂ ಮಿಕ್ಕ ಬಾಯಿಗಳೆಲ್ಲ ಮುಚ್ಚುತ್ತವೆ. ಸಾವಾದ ತಕ್ಷಣ ಎಲ್ಲರನ್ನೂ ಕೂರಿಸಿ ನಡೆದದ್ದನ್ನು ಮತ್ತೆ ವಿವರವಾಗಿ ಹೇಳಿಸುವ ಕಡ್ಡಾಯ ಸಭೆ ಬೇಡ, ಅದರಿಂದ ಕೆಲವರಿಗೆ ಹಾನಿಯೇ ಆಗುತ್ತದೆ.

ಚಪ್ಪಾಳೆ, ಹೂಮಳೆ, ‘ವಾರಿಯರ್’ ಬಿರುದುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಾಕ್ಟರಿಗೆ ಎನ್95, ಅದೇ ಕೋಣೆ ಒರೆಸುವ ಆಯಾಗೆ ಬಟ್ಟೆ ಮಾಸ್ಕ್ ಕೊಟ್ಟಲ್ಲಿ ಬಿರುದು ಅಣಕದಂತೆ ಕೇಳುತ್ತದೆ. ರೋಸ್ಟರಿನಲ್ಲಿ ಹೊರಗುತ್ತಿಗೆಯವರ ಪೂರ್ಣ ಹೆಸರು, ದಿನಾಂಕ, ವಾರ್ಡ್ ಇರಲೇಬೇಕು. ಗರೀಬ್ ಕಲ್ಯಾಣ್ ಯೋಜನೆಯ 50 ಲಕ್ಷ ರೂಪಾಯಿ ವಿಮೆ ಅವರಿಗೂ ಅನ್ವಯಿಸುತ್ತಿತ್ತು, ಆದರೆ ಕೋವಿಡ್ ಕರ್ತವ್ಯದಲ್ಲಿದ್ದರೆಂದು ಸಂಸ್ಥೆ ಪ್ರಮಾಣಪತ್ರ ಕೊಡಬೇಕಿತ್ತು. ಹೆಸರೇ ಇಲ್ಲದ ರೋಸ್ಟರ್ ಇಟ್ಟುಕೊಂಡು ಪ್ರಮಾಣಪತ್ರ ಕೊಡುವುದು ಹೇಗೆ?

ಗಾಯ ಕಾಣಿಸಿಕೊಳ್ಳುವುದು ಎಷ್ಟೋ ಸಲ ಅಲೆ ಇಳಿದ ಮೇಲೆ. ಒಂದು ನಿರ್ದಿಷ್ಟ ಬೆಡ್ಡಿನ ಹತ್ತಿರ ಹೋಗದಿರುವುದು, ಐಸಿಯು ಪೋಸ್ಟಿಂಗ್ ತಪ್ಪಿಸುವುದು, ಒಬ್ಬ ಮೇಲಧಿಕಾರಿಯ ಜೊತೆ ಮಾತು ಬಿಡುವುದು, ದಿಢೀರ್ ರಾಜೀನಾಮೆ. ಇವರಲ್ಲಿ ಭಯಕ್ಕಿಂತ ಅಪರಾಧಿ ಭಾವ, ಸಿಟ್ಟು ಮೇಲಿರುತ್ತದೆ. ಆಪ್ತಸಲಹೆಗೆ ಕಳಿಸುವವರು ಅವರ ನೇರ ಮೇಲಧಿಕಾರಿ ಆಗಿರಬಾರದು. ಆಸ್ಪತ್ರೆಯೊಳಗೆ ಮಾತಾಡಲು ಹಿಂಜರಿಯುವವರಿಗೆ 2022ರ ಅಕ್ಟೋಬರಿನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೂ ಮಾತಾಡಬಹುದು. ಆಪ್ತಸಲಹೆಗೆ ಹೋದ ಗಂಟೆಗಳನ್ನು ‘ಆನ್ ಡ್ಯೂಟಿ’ ಎಂದು ಹಾಕಿ, ಕಾರಣದ ಕಾಲಂ ಖಾಲಿ ಬಿಡಿ, ಸೇವಾ ದಾಖಲೆಗೆ ಅದರ ಸುಳಿವೂ ಹೋಗದಂತೆ ನೋಡಿಕೊಳ್ಳಿ.