ಸ್ಪೀಕರ್ ಆಯ್ಕೆ: ಗ್ರಾಫ್ ಎಲ್ಲಿಯವರೆಗೆ, ಕಿವಿ ಎಲ್ಲಿಂದ

ಮಡಿಕೇರಿಯಿಂದ ಸ್ಪೀಕರ್ ಕೊಳ್ಳಲು ಮೈಸೂರಿಗೆ ಹೊರಡುವ ಮುನ್ನವೇ, ಅಳತೆಗಳನ್ನು ಓದಲು ಕಲಿತವರು ಆಯ್ಕೆಯ ಅರ್ಧ ಕೆಲಸವನ್ನು ಮನೆಯಲ್ಲಿ ಮುಗಿಸಬಹುದು. ಯಾವ ಆವರ್ತನದಲ್ಲಿ ಸದ್ದು ಎಷ್ಟು ಜೋರು ಎಂದು ತೋರಿಸುವ ಗ್ರಾಫಿನಲ್ಲಿ, ಸ್ಪೀಕರಿನ ನೇರ ಎದುರಿನಿಂದ ಅಳೆದ ರೇಖೆ ಹೆಚ್ಚು ಏರಿಳಿತವಿಲ್ಲದೆ ಸಾಗಬೇಕು. 30, 60 ಡಿಗ್ರಿ ಪಕ್ಕಕ್ಕೆ ಸರಿದು ಅಳೆದ ರೇಖೆಗಳು ಅದೇ ಆಕಾರವನ್ನು ಉಳಿಸಿಕೊಂಡು, ಮೇಲಿನ ಆವರ್ತನಗಳತ್ತ ನಿಧಾನವಾಗಿ ಇಳಿಯಬೇಕು. ಗೋಡೆಗೆ ಬಡಿದು ನಮ್ಮ ಕಿವಿಗೆ ಮರಳುವುದು ಈ ಪಕ್ಕದ ಧ್ವನಿಯೇ. ಧ್ವನಿ ಸಂಶೋಧಕ ಶಾನ್ ಆಲಿವ್ ಅವರು 2004ರಲ್ಲಿ 70 ಸ್ಪೀಕರ್‌ಗಳ ಇಂಥ ಅಳತೆಗಳಿಂದ ಕೇಳುಗರ ಮೆಚ್ಚುಗೆಯನ್ನು ಲೆಕ್ಕಹಾಕಿದಾಗ, ಕೇಳುಗರು ಕೊಟ್ಟ ಅಂಕಗಳೊಡನೆ 0.86ರಷ್ಟು ಸಹಸಂಬಂಧ (1 ಎಂದರೆ ಪೂರ್ಣ ಹೊಂದಿಕೆ) ಕಂಡುಬಂದಿತು. ಆದುದರಿಂದ ಗ್ರಾಫ್ ಕೆಟ್ಟಿರುವ ಸ್ಪೀಕರನ್ನು ನಾನು ಕೇಳುವ ಪಟ್ಟಿಗೇ ಸೇರಿಸುವುದಿಲ್ಲ.

ಆದರೆ ಸುಮಾರು 300 ಹರ್ಟ್ಸ್‌ಗಿಂತ ಕೆಳಗೆ ಕೋಣೆಯದೇ ಯಜಮಾನಿಕೆ. ನಮ್ಮ ಹಾಲ್ 4 ಮೀಟರ್ ಅಗಲವಿರುವುದರಿಂದ 43 ಹರ್ಟ್ಸ್ ಹತ್ತಿರದ ಸ್ವರ ಗೋಡೆಯ ಬಳಿ ಗುಂಯ್‌ಗುಡುತ್ತದೆ, ಸರಿಯಾಗಿ ನಡುವೆ ಕುಳಿತರೆ ಬಹುತೇಕ ಮಾಯವಾಗುತ್ತದೆ. ಮಂದ್ರದ ವಿಷಯದಲ್ಲಿ ಅಂಗಡಿಯಲ್ಲಿ ಕೇಳಿದ್ದನ್ನು ನಂಬಬೇಡಿ. ಸಾಧ್ಯವಾದರೆ ಮನೆಗೆ ತಂದು, ಕುರ್ಚಿಯನ್ನು ಅರ್ಧ ಮೀಟರ್ ಹಿಂದೆ ಮುಂದೆ ಸರಿಸುತ್ತಾ ಕೇಳಿ.

ಕೇಳುವಾಗ, ಹೋಲಿಸುತ್ತಿರುವ ಎರಡೂ ಸ್ಪೀಕರ್‌ಗಳ ಧ್ವನಿಮಟ್ಟವನ್ನು ಅರ್ಧ ಡೆಸಿಬಲ್‌ನೊಳಗೆ ಸರಿಹೊಂದಿಸಿಕೊಳ್ಳುವುದು ಕಡ್ಡಾಯ, ಏಕೆಂದರೆ ತುಸು ಜೋರಾಗಿರುವುದೇ ಉತ್ತಮವೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಕಣ್ಣಂತೂ ಇನ್ನೂ ದೊಡ್ಡ ಮೋಸಗಾರ. ಆದ್ದರಿಂದ ಸ್ಪೀಕರ್‌ಗಳ ಮುಂದೆ ತೆಳುವಾದ ಪಂಚೆಯೊಂದನ್ನು ಇಳಿಬಿಟ್ಟು, ಬದಲಾಯಿಸುವ ಕೆಲಸವನ್ನು ಮನೆಯ ಬೇರೊಬ್ಬರಿಗೆ ಒಪ್ಪಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಶೀಟಿನ ಮೇಲೆ ಮಳೆ ಸುರಿಯುತ್ತಿರುವಾಗ ಈ ಪರೀಕ್ಷೆ ಮಾಡುವುದು ವ್ಯರ್ಥ, ಸೂಕ್ಷ್ಮವಾದುದೆಲ್ಲ ಆ ಸದ್ದಿನಡಿ ಮುಚ್ಚಿಹೋಗುತ್ತದೆ.

ನಾನು ನೆಚ್ಚಿಕೊಂಡಿರುವುದು ಹುತ್ತರಿಯ ಸಮಯದಲ್ಲಿ ನಾವೇ ಧ್ವನಿಮುದ್ರಿಸಿಕೊಂಡ ದುಡಿಕೊಟ್ಟ್ ಪಾಟನ್ನು, ಅಂದರೆ ದುಡಿ ಎಂಬ ಚಿಕ್ಕ ಚರ್ಮವಾದ್ಯ ಬಾರಿಸುತ್ತಾ ನಾಲ್ವರು ಹಾಡುವ ಕೊಡವರ ಹಾಡನ್ನು. ಕೋಲಿನ ತುದಿ ಚರ್ಮಕ್ಕೆ ತಾಗುವ ಒಣ ಟಕ್ಕನೆಯ ಸದ್ದು, ಹಗ್ಗ ಬಿಗಿದಂತೆ ಮೇಲೇರುವ ನಾದ, ಇವನ್ನು ಎದುರಲ್ಲೇ ಕುಳಿತು ಕೇಳಿದ ನೆನಪು ನನಗಿದೆ. ಒಳ್ಳೆಯ ಸ್ಪೀಕರಿನಲ್ಲಿ ಆ ಪೆಟ್ಟು ಪೆಟ್ಟಾಗಿಯೇ ಉಳಿಯುತ್ತದೆ, ಹಾಡುವ ನಾಲ್ವರ ಕಂಠಗಳು ಬೇರೆಬೇರೆಯಾಗಿ ಗುರುತು ಸಿಗುತ್ತವೆ. 2 ಕಿಲೋಹರ್ಟ್ಸ್ ಸುತ್ತ ಉಬ್ಬಿದ ಸ್ಪೀಕರಿನಲ್ಲಿ ಅದೇ ಕಂಠಗಳು ಮೂಗಿನಿಂದ ಹಾಡಿದಂತಾಗುತ್ತವೆ. ಹಾಗೆ ಕೇಳಿಸಿದರೆ ಮತ್ತೆ ಗ್ರಾಫಿಗೆ ಮರಳಿ ಆ ಉಬ್ಬನ್ನು ಹುಡುಕಿ.

ಪಂಚೆಯ ಹಿಂದಿನಿಂದ ಹತ್ತು ಸಲ ಕೇಳಿಯೂ ಎರಡರ ನಡುವೆ ವ್ಯತ್ಯಾಸ ಗೊತ್ತಾಗದಿದ್ದರೆ ಕಡಿಮೆ ಬೆಲೆಯದನ್ನೇ ಕೊಂಡು, ಉಳಿದ ಹಣದಲ್ಲಿ ಗಟ್ಟಿಯಾದ ಸ್ಟ್ಯಾಂಡ್ ಮತ್ತು ಬರಿಗೋಡೆಗೆ ದಪ್ಪ ಪರದೆ ತನ್ನಿ.