ಕ್ರಿಯಾಪದಕ್ಕೆಂದು ಉಳಿಸಿಟ್ಟ ಉಸಿರು

ಧ್ವನಿಪುಸ್ತಕ ಓದುವ ಕೆಲಸಕ್ಕೆ ನಾನು ಬಂದದ್ದು ಅಂಧ ವಿದ್ಯಾರ್ಥಿಗಳಿಗೆ ಪಠ್ಯ ಓದಿಕೊಡುವ ಸ್ವಯಂಸೇವೆಯ ಮೂಲಕ. ಬೆಂಗಳೂರಿನ ಮಿತ್ರ ಜ್ಯೋತಿಯಂತಹ ಸಂಸ್ಥೆಗಳು ಬಹಳ ವರ್ಷಗಳಿಂದ ಇಂತಹ ಪುಸ್ತಕಗಳನ್ನು ಸಿದ್ಧಪಡಿಸುತ್ತಿವೆ. ನಾನು ಮನೆಯಲ್ಲಿ ಕುಳಿತು ಪದವಿ ತರಗತಿಯ ಇತಿಹಾಸದ ಪಾಠಗಳನ್ನು ಮೊಬೈಲ್‌ನಲ್ಲಿ ಓದಿ ಕಳುಹಿಸುತ್ತಿದ್ದೆ. ಶಾಲೆಯಲ್ಲಿ ಭಾಷಣ ಸ್ಪರ್ಧೆಗಳಲ್ಲಿ ಗೆದ್ದವಳಾದ್ದರಿಂದ ಓದುವುದರಲ್ಲಿ ಹೊಸದಾಗಿ ಕಲಿಯುವುದಿದೆ ಎಂದು ನನಗೆ ಅನ್ನಿಸಿರಲಿಲ್ಲ.

ಎರಡು ತಿಂಗಳಾದ ಮೇಲೆ, ಆ ಪಾಠಗಳನ್ನು ಕೇಳಿ ಪರೀಕ್ಷೆಗೆ ಸಿದ್ಧನಾಗುತ್ತಿದ್ದ ಹುಡುಗನೊಬ್ಬ ಫೋನ್ ಮಾಡಿದ. "ಮೇಡಂ, ನೀವು ಓದುವ ವಾಕ್ಯದ ಕೊನೆ ನನಗೆ ಸಿಗುವುದಿಲ್ಲ. ಆಯಿತೋ ಆಗಲಿಲ್ಲವೋ ಎಂದು ತಿಳಿಯಲು ಪ್ರತಿ ಸಲ ಹಿಂದಕ್ಕೆ ಹೋಗಬೇಕಾಗುತ್ತದೆ" ಎಂದ. ಅವನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಿದ್ದ. ಆ ರಾತ್ರಿ ನಾನೂ ಅದೇ ವೇಗದಲ್ಲಿ ಕೇಳಿದೆ. "1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ್ ತನ್ನ ರಾಜ್ಯದ ಅರ್ಧ ಭಾಗವನ್ನು" ಎನ್ನುವವರೆಗೆ ಎಲ್ಲವೂ ಸ್ಪಷ್ಟ. ಮುಂದಿನ "ಬಿಟ್ಟುಕೊಡಬೇಕಾಯಿತು" ಮಾತ್ರ ಗೊಣಗಿದಂತಿತ್ತು.

ಕನ್ನಡದಲ್ಲಿ ವಾಕ್ಯದ ಭಾರವೆಲ್ಲ ಕೊನೆಗೆ ಬೀಳುತ್ತದೆ. ಮಾಡಿದವರು ಯಾರು, ಯಾವಾಗ ಮಾಡಿದರು, ನಿಜವಾಗಿ ಮಾಡಿದರೋ ಇಲ್ಲವೋ ಎಂಬುದನ್ನು ಕ್ರಿಯಾಪದವೇ ಹೇಳಬೇಕು. ಉದ್ದ ವಾಕ್ಯದಲ್ಲಿ ಓದುವವರ ಉಸಿರು ತೀರುವುದೂ ಸರಿಯಾಗಿ ಅಲ್ಲೇ. ಪುಸ್ತಕ ಕಣ್ಣ ಮುಂದಿರುವವರಿಗೆ ಇದು ತಿಳಿಯುವುದೇ ಇಲ್ಲ, ಕಿವಿಯನ್ನೇ ನಂಬಿದವರಿಗೆ "ಇಲ್ಲ" ಎಂಬ ಎರಡಕ್ಷರ ನುಂಗಿಹೋದರೆ ಅರ್ಥವೇ ತಿರುಗಿಬಿಡುತ್ತದೆ. ಅಂದಿನಿಂದ ನಾನು ವಾಕ್ಯವನ್ನು ಬಾಲದಿಂದ ಅಭ್ಯಾಸ ಮಾಡುತ್ತೇನೆ. ಮೊದಲು "ಬಿಟ್ಟುಕೊಡಬೇಕಾಯಿತು" ಎಂದಷ್ಟೇ ಹೇಳುತ್ತೇನೆ, ಆಮೇಲೆ "ಅರ್ಧ ಭಾಗವನ್ನು ಬಿಟ್ಟುಕೊಡಬೇಕಾಯಿತು", ಹೀಗೆ ಒಂದೊಂದೇ ಪದವನ್ನು ಮುಂದೆ ಸೇರಿಸುತ್ತಾ ವಾಕ್ಯದ ಆರಂಭಕ್ಕೆ ಬರುತ್ತೇನೆ. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲ್‌ನಿಂದ ಗೀರು ಹಾಕಿಕೊಳ್ಳುತ್ತೇನೆ. ಕರ್ಮಪದಕ್ಕೂ ಕ್ರಿಯಾಪದಕ್ಕೂ ನಡುವೆ ಆ ಗೀರು ಎಂದೂ ಬರುವುದಿಲ್ಲ. ಇದೊಂದನ್ನು ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ಹೊಸಬರು ಕೇಳಿದಾಗಲೆಲ್ಲ ಮೈಕಿನ ವಿಷಯಕ್ಕಿಂತ ಮುಂಚೆ ಇದನ್ನೇ ಹೇಳುತ್ತೇನೆ.

ಮೈಕಿಗೆ ನಾನು ಖರ್ಚು ಮಾಡಿದ್ದು ಏಳು ಸಾವಿರ ರೂಪಾಯಿ, ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸುವಂತಹದು. ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಟ್ಟುಕೊಳ್ಳುತ್ತೇನೆ. ನೇರಕ್ಕಿಟ್ಟರೆ ಪ, ಫ, ಭ ಹೇಳುವಾಗ ಗಾಳಿ ಬಡಿದ ಸದ್ದು ಬರುತ್ತದೆ. ಕೋಣೆ ಮೈಕಿಗಿಂತ ಮುಖ್ಯ. ಸೀರೆಗಳು ತೂಗುವ ಅಲಮಾರಿಯ ಬಾಗಿಲು ತೆರೆದು ಅದರ ಎದುರಿಗೆ ಕುಳಿತು, ಬೆನ್ನ ಹಿಂದೆ ಹಾಸಿಗೆ ನಿಲ್ಲಿಸಿ, ಮೇಜಿನ ಮೇಲೆ ಕಂಬಳಿ ಹಾಸಿದರೆ ಪ್ರತಿಧ್ವನಿ ಅಡಗುತ್ತದೆ. ಫ್ಯಾನ್ ನಿಲ್ಲಿಸಬೇಕೆಂದು ಎಲ್ಲರಿಗೂ ಗೊತ್ತಿರುತ್ತದೆ. ಟ್ಯೂಬ್‌ಲೈಟಿನ ಚೋಕ್ ಮತ್ತು ಇನ್ವರ್ಟರ್ ಗುಂಯ್‌ಗುಡುವುದು ಹೆಡ್‌ಫೋನ್ ಹಾಕಿದಾಗಲೇ ತಿಳಿಯುತ್ತದೆ. ನಮ್ಮ ಬೀದಿಯಲ್ಲಿ ಬೆಳಗಿನ ಮೂರರಿಂದ ಐದರವರೆಗೆ ಮಾತ್ರ ನಿಶ್ಶಬ್ದ. ಆಮೇಲೆ ಕೋಗಿಲೆ, ಹಾಲಿನ ಗಾಡಿ, ಕುಕ್ಕರ್. ಓದಿದ್ದನ್ನು ಕತ್ತರಿಸಿ ಜೋಡಿಸುವ ಸಂಕಲನಕ್ಕೆ ಉಚಿತವಾಗಿ ಸಿಗುವ ಅಡಾಸಿಟಿ ಎಂಬ ತಂತ್ರಾಂಶ ಸಾಕು. ಧ್ವನಿಯ ಮಟ್ಟಕ್ಕೆ ಎಸಿಎಕ್ಸ್ ಎಂಬ ಧ್ವನಿಪುಸ್ತಕಗಳ ವೇದಿಕೆ ಪ್ರಕಟಿಸಿರುವ ಅಳತೆಯನ್ನೇ ನಾನು ಅನುಸರಿಸುತ್ತೇನೆ: ಸರಾಸರಿ −23ರಿಂದ −18 ಡೆಸಿಬಲ್, ಶಿಖರ (ಅತಿ ಜೋರಾದ ಕ್ಷಣ) −3ಕ್ಕಿಂತ ಕೆಳಗೆ, ಕೋಣೆಯ ಸದ್ದು −60ಕ್ಕಿಂತ ಕೆಳಗೆ.

ಕೆಲಸ ಕೇಳುವಾಗ ಕಳುಹಿಸುವ ಮಾದರಿ ಧ್ವನಿಗೆಂದು ಇಷ್ಟದ ಕಾದಂಬರಿಯನ್ನು ಓದಿ ಎಲ್ಲೆಡೆ ಹಂಚುವ ಆಸೆ ನನಗೂ ಇತ್ತು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ 1930ರಲ್ಲಿ ತೀರಿಕೊಂಡ ಎಂ. ಎಸ್. ಪುಟ್ಟಣ್ಣನವರ ಗದ್ಯದಿಂದ ಮೂರು ನಿಮಿಷದ ತುಣುಕು ಆರಿಸಿಕೊಂಡೆ. ಹಳೆಯ ಗದ್ಯ ಒಳ್ಳೆಯ ಗುರುವೂ ಹೌದು: ಮಹಾಪ್ರಾಣ, ಶಕಾರ ಷಕಾರ, ಲಕಾರ ಳಕಾರ, ಯಾವುದರಲ್ಲಿ ನಾಲಿಗೆ ಜಾರುತ್ತದೆ ಎಂಬುದು ಒಂದೇ ಪುಟದಲ್ಲಿ ಗೊತ್ತಾಗುತ್ತದೆ.

ಆ ತುಣುಕಿನಿಂದಲೇ ಮೊದಲ ಸಂಬಳದ ಕೆಲಸ ಸಿಕ್ಕಿತು. ಅದಕ್ಕೂ ಮುಂಚೆ ಒಂದು ಕಡೆ ಪರೀಕ್ಷೆಯ ಹೆಸರಿನಲ್ಲಿ ಇಡೀ ಅಧ್ಯಾಯ ಓದಿಸಿಕೊಂಡರು, ಮತ್ತೆ ಉತ್ತರ ಬರಲಿಲ್ಲ. ಈಗ ಐದು ನಿಮಿಷಕ್ಕಿಂತ ಹೆಚ್ಚು ಮಾದರಿ ಕೇಳಿದರೆ ಹಣ ಕೇಳುತ್ತೇನೆ. ಲೆಕ್ಕ ಸಾಮಾನ್ಯವಾಗಿ ಸಿದ್ಧವಾದ ಧ್ವನಿಯ ಗಂಟೆಗೆ ಇಷ್ಟು ಎಂದಿರುತ್ತದೆ. ಒಪ್ಪಿಕೊಳ್ಳುವ ಮುಂಚೆ ನಿಮ್ಮ ನಿಜವಾದ ಗಂಟೆಗಳನ್ನು ಎಣಿಸಿಕೊಳ್ಳಿ. ತಯಾರಿ, ಓದು, ತಿದ್ದುಪಡಿ ಎಲ್ಲ ಸೇರಿ ಒಂದು ಗಂಟೆಯ ಧ್ವನಿಗೆ ನನಗೆ ಮೊದಲು ಎಂಟು ಗಂಟೆ ಬೇಕಾಗುತ್ತಿತ್ತು, ಈಗ ಐದು.

ಸಂಭಾಷಣೆಯ ವಿಷಯದಲ್ಲಿ ನಾನು ಇನ್ನೂ ಅಂಜುತ್ತೇನೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು ನಾನು. ಧಾರವಾಡದ ಮಾತನ್ನು ಬರೀ ಅನುಕರಿಸಿದರೆ ಆ ಕಡೆಯವರಿಗೆ ನೋವಾಗುತ್ತದೆ. ಈಗ ಕೈಯಲ್ಲಿರುವ ಕಾದಂಬರಿಯಲ್ಲಿ ಅಂತಹ ಮುದುಕಿಯೊಬ್ಬಳಿದ್ದಾಳೆ. ಹುಬ್ಬಳ್ಳಿಯ ಗೆಳತಿಯೊಬ್ಬಳು ಅವಳ ಮಾತುಗಳನ್ನೆಲ್ಲ ತಾನೇ ಓದಿ ಕಳುಹಿಸಿದ್ದಾಳೆ. ಒಂದು ವಾರದಿಂದ ಅಡುಗೆ ಮಾಡುವಾಗ ಅದನ್ನೇ ಕೇಳುತ್ತಿದ್ದೇನೆ. ಉಳಿದಿರುವುದು ನಾಲ್ಕು ಅಧ್ಯಾಯ. ಮಳೆ ಶುರುವಾದರೆ ಪಕ್ಕದ ಮನೆಯ ತಗಡಿನ ಮಾಡು ಸುಮ್ಮನಿರುವುದಿಲ್ಲ. ಅಷ್ಟರೊಳಗೆ ಮುಗಿಸಬೇಕು.