ಟೈಟಾನಿಯಂ ವೈಟಿನಲ್ಲೇ ಸೀನ್ ನದಿಯ ಹಿಮ: ನನ್ನ ಅನುಭವ

ಲೆಡ್ ವೈಟ್ (ಸೀಸದಿಂದ ಮಾಡಿದ ಬಿಳಿ ಬಣ್ಣ) ಇಲ್ಲದೆ ಫ್ರೆಂಚ್ ಚಿತ್ರಕಾರ ಮೋನೆಯ ಹಿಮ ಬರೋದೇ ಇಲ್ಲ ಅಂತ ಬಲ್ಲವರೆಲ್ಲ ಹೇಳುತ್ತಿದ್ದರು. ಬಂತು. 1880ರ ಜನವರಿಯಲ್ಲಿ ವೆತೆಯ್ ಊರಿನ ಹತ್ತಿರ ಸೀನ್ ನದಿಯ ಮಂಜುಗಡ್ಡೆ ಒಡೆದಾಗ ಆತ ಬರೆದ ಸರಣಿಯಿದೆಯಲ್ಲ, ಅದರಲ್ಲೊಂದರ ನಕಲು: 18x24 ಇಂಚಿನ ಕಾಟನ್ ಕ್ಯಾನ್ವಾಸ್, ಎಣ್ಣೆಬಣ್ಣ, ಬಿಳಿ ಬರೀ ಟೈಟಾನಿಯಂ ವೈಟ್.

ಕೋಬಾಲ್ಟ್ ನೀಲಿಗೆ ಟೈಟಾನಿಯಂ ಒಂದು ಚೂರು ಹೆಚ್ಚಾದರೂ ದಡವೆಲ್ಲ ಸುಣ್ಣ ಬಳಿದ ಗೋಡೆ. ಹೀಗೆ ಕೆಟ್ಟ ಕ್ಯಾನ್ವಾಸ್‌ಗಳಿಗೆ ಬಣ್ಣದ ಖರ್ಚೇ ಮೂರು ಸಾವಿರದಷ್ಟಾಗಿತ್ತು. ಕೊನೆಗೆ ದಾರಿ ತೋರಿಸಿದ್ದು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ಕಿಲೋಗೆ ನೂರು ರೂಪಾಯಿ ಆಸುಪಾಸು. ಎಣ್ಣೆ ಕುಡಿದರೆ ಅದು ಬಿಳಿಯಾಗಿ ಉಳಿಯುವುದಿಲ್ಲ, ಪಾರದರ್ಶಕವಾಗುತ್ತದೆ. ಹಾಗಾಗಿ ಟೈಟಾನಿಯಂನ ಜೋರು ಇಳಿಯುತ್ತದೆ, ಕುಂಚದ ಗೀರು ಮಾತ್ರ ಎದ್ದು ನಿಲ್ಲುತ್ತದೆ. ಮೂರು ಪಾಲು ಬಣ್ಣಕ್ಕೆ ಒಂದು ಪಾಲು ಪುಡಿ. ಚಾಕ್‌ಪೀಸ್ ಪುಡಿ ಬೇಡ, ಅದು ಹೆಚ್ಚಾಗಿ ಜಿಪ್ಸಮ್. ರಂಗೋಲಿ ಪುಡಿಯನ್ನೂ ಬಟ್ಟೆಯಲ್ಲಿ ಸೋಸಿ ನೋಡಿದ್ದಾಯಿತು. ಹರಳು ಉಳಿದು ಕುಂಚ ಸವೆಯಿತು, ದಡದ ಕೆಸರಿಗಷ್ಟೇ ಒಗ್ಗಿತು.

ಟ್ಯೂಬಿನ ಬಣ್ಣವನ್ನು ಮೊದಲು ಬ್ಲಾಟಿಂಗ್ ಪೇಪರ್ ಮೇಲೆ ಇಪ್ಪತ್ತು ನಿಮಿಷ ಬಿಟ್ಟು ಎಣ್ಣೆ ಇಳಿಸಿ, ಪುಡಿ ಆಮೇಲೆ ಕಲಸಿ. ಒಂದು ಗಂಟೆ ಬಿಟ್ಟರೆ ಬಣ್ಣಕ್ಕೆ ಹಿಡಿತ ತಪ್ಪಿ, ಒಣಗಿದ ಮೇಲೆ ಬೆರಳಿಗೆ ಉದುರುತ್ತದೆ.

ಕ್ಯಾನ್ವಾಸ್‌ಗೆ ಮೊದಲು ಬಳಿಯುವ ಬಿಳಿ ಲೇಪ ಗೆಸ್ಸೋ, ಎರಡು ಕೋಟ್. ಎರಡನೆಯದಕ್ಕೆ ಚೂರು ಅಕ್ರಿಲಿಕ್ ಅಂಬರ್ (ಮಣ್ಣುಗಂದು). ಬಿಳಿ ಕ್ಯಾನ್ವಾಸ್ ಮೇಲೆ ಹಿಮ ಬರೆಯುವುದು ಹಣ ದಂಡ, ಅಲ್ಲಿ ಹಿಮ ಎಷ್ಟು ಮಂಕು ಅನ್ನುವುದೇ ಕಣ್ಣಿಗೆ ಸಿಗದು. ಹಿಮವನ್ನು ಬೆಳಗಿಸುವುದು ನೀರು. ಅದಕ್ಕೆ ಅಲ್ಟ್ರಾಮರೀನ್ ನೀಲಿ, ವಿರಿಡಿಯನ್ ಹಸಿರು, ತುಸು ಅಲಿಝರಿನ್ ಕೆಂಪು. ನೀವು ಅಂದುಕೊಂಡದ್ದಕ್ಕಿಂತ ಒಂದು ಮೆಟ್ಟಿಲು ಗಾಢ ಇರಲಿ. ಪಾಪ್ಲರ್ ಮರಗಳ ನೆರಳು ನೀರಿನಲ್ಲಿ ಮೇಲಿಂದ ಕೆಳಕ್ಕೆ, ಮಂಜಿನ ಹಲಗೆಗಳು ಅಡ್ಡಡ್ಡ. ನೀರು ಹಸಿಯಿದ್ದಾಗ ಹಲಗೆ ಇಟ್ಟರೆ ಹಸಿರು ಮೇಲೆದ್ದು ಬಿಳಿ ಕೊಳಕಾಗುತ್ತದೆ. ಬೆರಳಿಗೆ ಅಂಟಂಟು ಅನ್ನಿಸುವಷ್ಟು ಕಾಯಬೇಕು. ಬೇಸಿಗೆಯಲ್ಲಿ ಒಂದೆರಡು ದಿನ ಸಾಕು, ಮಳೆಗಾಲದಲ್ಲಿ ವಾರವೂ ಹಿಡಿದೀತು. ಹಲಗೆಯ ಬಣ್ಣ ನೇರಳೆ ಬೂದು. ಅಪ್ಪಟ ಬಿಳಿಗೆ ಹತ್ತರಲ್ಲಿ ಒಂದು ಪಾಲು ಜಾಗವೂ ಬೇಡ. ಅಂಚಿನ ಗುಲಾಬಿ ಮಿಶ್ರಣ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಝಿಂಕ್ ವೈಟ್ ಸೇರಿಸಿದರೆ ಸುಲಭ ಅನ್ನುವವರಿದ್ದಾರೆ. ದಪ್ಪ ಬಳಿದರೆ ವರ್ಷಗಳು ಕಳೆದಂತೆ ಪೆಡಸಾಗಿ ಬಿರುಕು ಬಿಡುತ್ತದೆ, ಹತ್ತಿರ ಸೇರಿಸಬೇಡಿ. ಹೊಳೆಯುವ ವಾರ್ನಿಷ್ ಕೂಡ ಬೇಡ. ಹೊಳಪು ಬಂದರೆ ಎಣ್ಣೆ ಇಳಿಸಿದ ಶ್ರಮವೆಲ್ಲ ದಂಡ.